ಟೀ ಲೋಟಕ್ಕೆ ಬಿದ್ದ ಗುಂಡಿ

ನಮ್ಮನೆಯವರು ಜೀವಮಾನವೆಲ್ಲ ಚೆಲ್ಲಿದ್ದೇ ಚೆಲ್ಲಿದ್ದು, ನಾನು ಒರೆಸಿದ್ದೇ ಒರೆಸಿದ್ದು. ಹೀಗಂದ ಕೂಡಲೇ ಯಾರೋ ಕುಡುಕನ ಹೆಂಡತಿ ಗೋಳು ತೋಡಿಕೊಳ್ತಿದ್ದಾಳೆ ಅಂದುಕೊಳ್ಳಬೇಡಿ. ಅವರು ಫೋಟೋ ತೆಗೆಯೋರು. ಮದುವೆ ಫೋಟೋ ಅಲ್ಲ, ಮಕ್ಕಳ ಫೋಟೋ ಅಲ್ಲ. ಮೇಜಿನ ಮೇಲೆ ನಾಲ್ಕು ಸಾಮಾನು ಜೋಡಿಸಿ, ನಡುವೆ ಒಂದು ಲೋಟವೋ ಬಟ್ಟಲೋ ಇಟ್ಟು, ಅದರೊಳಗೆ ಏನಾದರೂ ಬಿದ್ದಾಗ ನೀರು ಮೇಲಕ್ಕೆ ಚಿಮ್ಮುತ್ತಲ್ಲ, ಆ ಚಿಮ್ಮಿದ್ದನ್ನ ಗಾಳಿಯಲ್ಲೇ ಹಿಡಿದು ನಿಲ್ಲಿಸೋ ಫೋಟೋ. ಕ್ಯಾಲೆಂಡರಿಗೆ, ಬಿಸ್ಕತ್ತಿನ ಪೊಟ್ಟಣಕ್ಕೆ, ಹೋಟೆಲಿನ ಗೋಡೆಗೆ ಅಂತ ಜನ ಮಾಡಿಸಿಕೊಂಡು ಹೋಗ್ತಾರೆ. ನೋಡೋರು ಒಂದು ಗಳಿಗೆ ನಿಂತು "ಆಹಾ" ಅಂತಾರೆ. ಆ ಒಂದು "ಆಹಾ" ಹಿಂದೆ ನಾನು ಎಷ್ಟು ಬಕೆಟ್ ಕಂದು ನೀರು ಬಳಿದು ಹಾಕಿದ್ದೀನಿ ಅನ್ನೋದು ಯಾರಿಗೂ ಬೇಕಾಗಿಲ್ಲ.

"ಮನುಷ್ಯರ ಫೋಟೋ ತೆಗೀರಿ, ನೆಲ ಆದ್ರೂ ಒಣಗಿರುತ್ತೆ" ಅಂತ ಮದುವೆಯಾದ ಹೊಸದರಲ್ಲೇ ಹೇಳಿದ್ದೆ.

"ಮನುಷ್ಯರು ಅಲ್ಲಾಡ್ತಾರೆ" ಅಂದರು.

"ನೀರು ಅಲ್ಲಾಡಲ್ವಾ?"

"ಅಲ್ಲಾಡುತ್ತೆ. ಆದ್ರೆ ಆಮೇಲೆ ಬಂದು, ನನ್ನ ಮೂಗು ಯಾಕೆ ಹೀಗೆ ಬಂದಿದೆ ಅಂತ ಜಗಳ ಆಡಲ್ಲ."

ಇಂಥವರ ಜೊತೆ ವಾದ ಮಾಡಿ ಗೆದ್ದೋರು ಯಾರು? ಮನೆಯಲ್ಲಿ ಇದ್ದದ್ದೇ ಎರಡು ಕೋಣೆ. ಬೆಳಕು ಚೆನ್ನಾಗಿ ಬರೋ ಮುಂದಿನ ಕೋಣೆ ಅವರ ಸ್ಟುಡಿಯೋ ಆಯಿತು. ಬಂದ ಬೆಳಕಿಗೆ ದಪ್ಪ ಕಂಬಳಿ ಹೊದಿಸಿ ಕತ್ತಲೆ ಮಾಡಿಕೊಂಡರು, ಅದು ಬೇರೆ ಮಾತು. ಮನೆಯ ಒಂದೇ ಒಂದು ಒಳ್ಳೆ ಮೇಜೂ ಅವರದ್ದೇ. ನಾವು ನೆಲದ ಮೇಲೆ ಕೂತು ಊಟ ಮಾಡ್ತಾ ಬಂದಿದ್ದೀವಿ, ಬರೋ ನೆಂಟರು ಇದೇನೋ ವ್ರತ ಅಂದುಕೊಂಡಿದ್ದಾರೆ.

ಈ ಕೆಲಸದಲ್ಲಿ ಕಣ್ಣಿಗೆ ಕಾಣೋದು ಯಾವುದೂ ಅದಲ್ಲ. ಹಾಲು ಹಾಕಿದ ನಿಜವಾದ ಟೀ ಫೋಟೋದಲ್ಲಿ ಕೆಸರಿನ ಹಾಗೆ ಬರುತ್ತೆ, ಅದಕ್ಕೆ ಸಕ್ಕರೆ ಸುಟ್ಟು ನೀರಿಗೆ ಹಾಕಿ ಬಣ್ಣ ಕಟ್ಟೋದು. ಒಂದು ಸಲ ನನ್ನ ತಮ್ಮ ಅದನ್ನ ಟೀ ಅಂತಲೇ ಗಟಗಟ ಕುಡಿದು, "ಅಕ್ಕಾ, ನಿನ್ನ ಕೈ ಟೀ ಈಗ ಎಷ್ಟೋ ವಾಸಿ" ಅಂದಿದ್ದ. ಲೋಟವನ್ನ ಮೇಣ ಹಚ್ಚಿ ಹಲಗೆಗೆ ಅಂಟಿಸ್ತಾರೆ. ಸುತ್ತಲಿನ ಸಾಮಾನೂ ಅಂಟಿಸ್ತಾರೆ. ಆಮೇಲೆ ಹಲಗೆಯ ಒಂದು ಅಂಚಿನ ಕೆಳಗೆ ಕಟ್ಟಿಗೆ ಚೂರು ಕೊಟ್ಟು ಇಡೀ ಸಂಸಾರವನ್ನೇ ಓರೆ ಮಾಡ್ತಾರೆ. ಕ್ಯಾಮೆರಾನೂ ಅಷ್ಟೇ ಓರೆ. ಫೋಟೋದಲ್ಲಿ ನೋಡಿದರೆ ಎಲ್ಲ ನೆಟ್ಟಗೆ ಕೂತಿರುತ್ತೆ, ಟೀ ಮಾತ್ರ ಒಂದು ಕಡೆಗೆ ವಾಲಿ ಹಾರ್ತಿರುತ್ತೆ.

ಲೋಟದೊಳಗೆ ಬೀಳಿಸೋಳು ನಾನು. ಕತ್ತಲೆಯಲ್ಲಿ ಲೋಟದ ಮೇಲೆ ಕೈ ಹಿಡಿದು ನಿಂತು, ಮನಸ್ಸಿಗೆ ಬಂದಾಗ ಬಿಟ್ಟು, ಬಿಟ್ಟ ತಕ್ಷಣ ಕೈ ಹಿಂದಕ್ಕೆ ಎಳೆದುಕೊಳ್ಳಬೇಕು, ಇಲ್ಲದಿದ್ದರೆ ಕೈ ನೆರಳು ಬೀಳುತ್ತೆ. ಅವರು ಕ್ಯಾಮೆರಾದ ಹಿಂದೆ. ದೀಪ ಫಕ್ ಅಂತ ಹೊತ್ತಿ ಆರುತ್ತೆ, ಅಷ್ಟರೊಳಗೆ ಫೋಟೋ ಆಗಿರುತ್ತೆ. ಚಿಮ್ಮಿದ್ದು ಕಣ್ಣಿಗೆ ಕಂಡ ಮೇಲೆ ಸ್ವಿಚ್ಚು ಒತ್ತಿದರೆ ಅಲ್ಲಿ ಏನೂ ಉಳಿದಿರಲ್ಲ. ಬೀಳೋಕೆ ಒಂದು ಕೂದಲೆಳೆ ಮುಂಚೆ ಒತ್ತಬೇಕು. "ಅದು ಹೆಂಗೆ ಸಾರ್ ಗೊತ್ತಾಗುತ್ತೆ?" ಅಂತ ಬಂದವರೆಲ್ಲ ಕೇಳೋರು. ಇವರು ಬಲಗೈ ತೋರುಬೆರಳು ಎತ್ತಿ ತೋರಿಸಿ, "ಬೆರಳಿಗೆ ಗೊತ್ತಾಗುತ್ತೆ" ಅನ್ನೋರು.

"ಮನೆಯವರು ಸಹಾಯ ಮಾಡ್ತಾರಾ?"

"ಹ್ಞೂಂ, ಅವಳು ಹಾಕ್ತಾಳೆ, ಅಷ್ಟೆ."

ಆ "ಅಷ್ಟೆ" ಕೇಳಿದಾಗಲೆಲ್ಲ ನನಗೆ ಮೈ ಉರೀತಿತ್ತು. ಹಾಕೋದೇನು ಮಹಾ, ಕಾಗೆ ಕೂಡ ಹಾಕುತ್ತೆ ಅಲ್ವಾ! ಆದರೂ ಬಂದವರ ಮುಂದೆ ಮನೆ ಮರ್ಯಾದೆ ಅಂತ ಹಲ್ಲು ಕಚ್ಚಿಕೊಂಡು ಇರ್ತಿದ್ದೆ.

ಹೋದ ಚಳಿಗಾಲದಲ್ಲಿ ಅವರಿಗೆ ಲಕ್ವ ಹೊಡೀತು. ಎಡಗಡೆ. ಕಾಲು ಎಳೆಯುತ್ತೆ, ಎಡಗೈ ಮಡಿಲಲ್ಲಿ ಬಿದ್ದಿರುತ್ತೆ, ಅದು ಬೇರೆ ಯಾರದ್ದೋ ಅನ್ನೋ ಹಾಗೆ. ಬಲಗೈ ಉಳೀತು, ಮಾತು ಉಳೀತು. ಡಾಕ್ಟರು ಮನೆಗೆ ಕಳಿಸೋವಾಗ, "ಎಲ್ಲದರಲ್ಲೂ ಸ್ವಲ್ಪ ನಿಧಾನ ಆಗಬಹುದು, ಗಾಬರಿ ಬೇಡ" ಅಂದರು. ಅವರು ಏನೋ ಸಮಾಧಾನಕ್ಕೆ ಹೇಳಿದರು. ಆ ಮಾತು ನಮ್ಮ ಮನೆ ಹೊಕ್ಕಿದ್ದು ಹೊರಗೆ ಹೋಗಲೇ ಇಲ್ಲ. ತುತ್ತು ಕೈಜಾರಿದರೆ ನಿಧಾನ, ಬಾಗಿಲು ತಟ್ಟಿದ್ದು ಕೇಳಿಸದಿದ್ದರೆ ನಿಧಾನ. ಎಲ್ಲದಕ್ಕೂ ಅದೇ ಉತ್ತರ.

ಆಮೇಲಿನ ದಿನಗಳ ಬಗ್ಗೆ ಏನು ಹೇಳಲಿ. ಎಬ್ಬಿಸು, ಕೂರಿಸು, ಸ್ನಾನ ಮಾಡಿಸು, ಬಟ್ಟೆ ಹಾಕು. ಎರಡು ಆಳು ಎತ್ತೋ ಭಾರವನ್ನ ನಾನೊಬ್ಬಳೇ ಎತ್ತಿ ಎತ್ತಿ ಸೊಂಟ ಬಿದ್ದುಹೋಯಿತು. ಸ್ನಾನ ಮಾಡಿಸೋವಾಗ ನನ್ನ ಕೈಬಳೆ ತಾಗಿ ಅವರ ಭುಜ, ಬೆನ್ನು ತರಚಿ ಗೆರೆ ಏಳ್ತಿತ್ತು. ಎಡಗಡೆ ಸ್ಪರ್ಶ ಬೇರೆ ಸರಿಯಾಗಿ ತಿಳಿಯಲ್ಲ, ರಕ್ತ ಬಂದರೂ ಗೊತ್ತಾಗ್ತಿರಲಿಲ್ಲ. ನಮ್ಮಮ್ಮ ಕೊಟ್ಟ ಬೆಳ್ಳಿ ಬಳೆ, ಬಲಗೈಗೆ ಎರಡು, ಹುಡುಗಿಯಾಗಿದ್ದಾಗಿಂದ ತೆಗೆದೋಳಲ್ಲ. ಸೋಪು ಹಚ್ಚಿ ಎಳೆದು ತೆಗೆದು, ಸೂಜಿ ದಾರದ ಡಬ್ಬಿಯಲ್ಲಿ ಹಾಕಿದೆ. ಇಂಥ ಸಣ್ಣಪುಟ್ಟದ್ದು ಎಷ್ಟೋ ಬದಲಾಯಿತು, ಎಲ್ಲಾನೂ ನೆನಪಿಟ್ಟುಕೊಂಡು ಕೂರೋಕೆ ಪುರುಸೊತ್ತೆಲ್ಲಿ?

ಅಷ್ಟರಲ್ಲಿ ಕ್ಯಾಲೆಂಡರ್ ಅಚ್ಚು ಹಾಕೋ ಪ್ರೆಸ್ಸಿನ ಯಜಮಾನರು ಮನೆಗೇ ಬಂದು ನೆನಪು ಮಾಡಿದರು. ಅವರ ಕ್ಯಾಲೆಂಡರಿಗೆ ಇವರು ತಿಂಗಳಿಗೊಂದು ಕಸುಬಿನ ಮೇಜು ಅಂತ ಫೋಟೋ ಮಾಡಿಕೊಡ್ತಿದ್ದರು. ಗಡಿಯಾರ ರಿಪೇರಿಯವನ ಮೇಜು, ಮೇಷ್ಟರ ಮೇಜು, ಚಪ್ಪಲಿ ಹೊಲಿಯೋನ ಮಣೆ, ಒಂದೊಂದರಲ್ಲೂ ಆ ಕಸುಬಿನ ವಸ್ತು ಒಂದು ಟೀ ಲೋಟಕ್ಕೆ ಬಿದ್ದು ಟೀ ಹಾರ್ತಿರಬೇಕು. ಕಾಯಿಲೆ ಬೀಳೋಕೆ ಮುಂಚೆ ಎಲ್ಲ ಮುಗಿದು ದರ್ಜಿಯದ್ದೊಂದು ಉಳಿದಿತ್ತು. "ಆಗುತ್ತೋ ಇಲ್ಲವೋ ಹೇಳಿಬಿಡಿ, ಬೇರೆಯವರ ಹತ್ರ ಕಂಪ್ಯೂಟರಿನಲ್ಲಿ ಚಿಮ್ಮಿಸಿಕೊಳ್ತೀನಿ" ಅಂದರು ಯಜಮಾನರು. ಒಳ್ಳೆ ಮನುಷ್ಯರೇ, ಆದರೆ ಆ ಮಾತು ಇವರ ಎದೆಗೆ ನಾಟಿತು.

"ಆಗುತ್ತೆ" ಅಂದುಬಿಟ್ಟರು ಇವರು. ಯಜಮಾನರು ಹೋದ ಮೇಲೆ ನನ್ನ ಕಡೆ ತಿರುಗಿ, "ಇದು ಆಗದೇ ಹೋದ್ರೆ ಕ್ಯಾಮೆರಾನ ನಿನ್ನ ತಮ್ಮನಿಗೆ ಕೊಟ್ಟುಬಿಡೋಣ. ಆಮೇಲೆ ನನಗೆ ಅದರ ಮಾತೇ ಬೇಡ" ಅಂದರು. ಹೀಗೆಲ್ಲ ಬಾಯಿ ಮಾತಿಗೆ ಹೇಳೋರಲ್ಲ ಅವರು. ಕ್ಯಾಮೆರಾ ಹೋದರೆ ಅವರ ಹತ್ತಿರ ಉಳಿಯೋದು ಏನು? ಕಿಟಕಿ ಪಕ್ಕದ ಕುರ್ಚಿ.

ಪಕ್ಕದ ಬೀದಿಯ ದರ್ಜಿ ಹತ್ತಿರ ಸಾಮಾನು ಕೇಳಿ ತಂದೆ. ಹಳೆ ಕತ್ತರಿ, ಅಳತೆ ಟೇಪು, ಬಟ್ಟೆ ಮೇಲೆ ಗುರುತು ಹಾಕೋ ಸುಣ್ಣದ ಬಿಲ್ಲೆ, ದಾರದ ಉಂಡೆ, ಒಂದಷ್ಟು ಗುಂಡಿ. ಮೊದಲೆಲ್ಲ ಅವರೇ ಜೋಡಿಸೋರು. ಈಗ ಕುರ್ಚಿಯಲ್ಲಿ ಕೂತು ಹೇಳೋದು, ನಾನು ಮಾಡೋದು.

"ಕೆಳಗೆ ನೀಲಿ ಬಟ್ಟೆ ಹಾಸು. ಟೀ ಬಣ್ಣ ಎದ್ದು ಕಾಣಬೇಕು. ಕತ್ತರಿ ಬಾಯಿ ಲೋಟದ ಕಡೆಗೆ ಇರಲಿ. ಸ್ವಲ್ಪ ತೆಗಿ. ಅಯ್ಯೋ, ಅಷ್ಟಲ್ಲ, ಕಚ್ಚೋಕೆ ಬರೋ ಹಾಗಿದೆ."

"ನೀವೇ ಬಂದು ಮಾಡಿ ಹಾಗಾದ್ರೆ" ಅಂತ ಬಾಯಿಗೆ ಬಂತು. ನಾಲಿಗೆ ಕಚ್ಚಿಕೊಂಡೆ.

"ಟೇಪು ಅಷ್ಟು ಒಪ್ಪವಾಗಿ ಸುತ್ತಬೇಡ್ವೇ. ದರ್ಜಿ ಕೆಲಸ ಮಾಡ್ತಾ ಮಾಡ್ತಾ ಹೊರಗೆ ಯಾರೋ ಕೂಗಿದ್ರು ಅಂತ ಎದ್ದು ಹೋಗಿದ್ದಾನೆ. ಅವನು ಬಿಟ್ಟು ಹೋದ ಹಾಗೆ ಇರಬೇಕು. ಅವನ ಟೀ ಆರ್ತಿದೆ. ಹೊಲೀತಿದ್ದ ಅಂಗಿಯ ಗುಂಡಿ ಒಂದು ಉರುಳಿ ಬಂದು ಲೋಟಕ್ಕೆ ಬೀಳ್ತಿದೆ."

ಹಾಗೆ ಹೇಳಿದ ಮೇಲೆ ನನಗೂ ಆ ದರ್ಜಿ ಕಂಡ. ಟೇಪಿನ ತುದಿಯನ್ನ ಮೇಜಿನ ಅಂಚಿಂದ ಇಳಿಬಿಟ್ಟೆ. ಬಿಲ್ಲೆಯನ್ನ ಉಜ್ಜಿ ಪುಡಿ ಉದುರಿಸಿದೆ. ದಾರದ ಉಂಡೆಯನ್ನ ಹಿಂದೆ ಇಟ್ಟು, ಒಂದೆಳೆ ದಾರ ಲೋಟದ ಬಳಿವರೆಗೂ ತಂದೆ. ಅವರು ತಲೆ ಓರೆ ಮಾಡಿ ನೋಡಿ, "ದಾರ ಎಲ್ಲಿ ಕಲಿತೆ?" ಅಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಆಮೇಲೆ ಶುರುವಾಯಿತು ಗೋಳು. ಕ್ಯಾಮೆರಾಕ್ಕೆ ವೈರು ಸಿಕ್ಕಿಸಿ, ಸ್ವಿಚ್ಚನ್ನ ಅವರ ಬಲಗೈಗೆ ಕೊಟ್ಟೆ. ಗುಂಡಿ ಬಿಟ್ಟೆ. ದೀಪ ಹೊತ್ತಿತು. ಫೋಟೋದಲ್ಲಿ ಲೋಟ, ಮಟ್ಟಸವಾದ ಟೀ, ಅಂಚಿನಲ್ಲಿ ನಾಲ್ಕು ಹನಿ. ಎಲ್ಲ ಮುಗಿದ ಮೇಲಿನ ಫೋಟೋ. ಮತ್ತೆ ಬಿಟ್ಟೆ. ಈ ಸಲ ಗುಂಡಿ ಇನ್ನೂ ಮೇಲೇ ಇದೆ, ಟೀ ಏನೂ ಗೊತ್ತೇ ಇಲ್ಲದವರ ಹಾಗೆ ಕೂತಿದೆ. ಒರೆಸು, ತುಂಬಿಸು, ಬಿಡು. ಒರೆಸು, ತುಂಬಿಸು, ಬಿಡು. ಬಿಡೋವಾಗ "ಬಿಟ್ಟೆ" ಅಂತ ಕೂಗಿ ನೋಡಿದೆ. ನನ್ನ ಬಾಯಿಗೂ ಕೈಗೂ ತಾಳವೇ ಕೂಡಲಿಲ್ಲ, ಒಂದು ಸಲ ಮಾತು ಮುಂದೆ, ಒಂದು ಸಲ ಗುಂಡಿ ಮುಂದೆ. ಮಾರನೇ ದಿನವೂ ಅದೇ, ಅದರ ಮಾರನೇ ದಿನವೂ ಅದೇ. ಅವರು ಬೈಯಲಿಲ್ಲ. ಮೊದಲಾಗಿದ್ದರೆ ಮನೆ ಹಾರಿಹೋಗೋ ಹಾಗೆ ಕೂಗಾಡೋರು. ಈಗ ಆ ತೋರುಬೆರಳನ್ನ ತಿರುಗಿಸಿ ತಿರುಗಿಸಿ ನೋಡಿಕೊಂಡು, "ನಿಧಾನ ಆಗಿದೆ" ಅಂದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ನನ್ನ ತಮ್ಮ ರೇಡಿಯೋ, ಟೀವಿ ರಿಪೇರಿ ಮಾಡೋನು. ಅವನ ಹತ್ತಿರ ಹೋಗಿ ಅತ್ತೆ. "ಅಯ್ಯೋ ಅಕ್ಕ, ಇಷ್ಟೇನಾ? ಟಪ್ ಅಂತ ಸದ್ದಾದ ಕೂಡ್ಲೇ ಕ್ಯಾಮೆರಾನ ತಾನೇ ಒತ್ತೋ ಪೆಟ್ಟಿಗೆ ಮಾಡಿಕೊಡ್ತೀನಿ, ಬಿಡು" ಅಂದ. ಮಾಡಿಯೂ ಕೊಟ್ಟ. ಅದನ್ನ ಹಲಗೆ ಕೆಳಗೆ ಬಚ್ಚಿಟ್ಟೆವು. ಅದರ ವೈರು ಕ್ಯಾಮೆರಾಕ್ಕೆ ಹೋಯಿತು. ಇವರ ಕೈಯಲ್ಲಿದ್ದ ಸ್ವಿಚ್ಚಿನ ವೈರನ್ನ ಮೇಜಿನ ಹಿಂದೆ ಸುಮ್ಮನೆ ಇಳಿಬಿಟ್ಟ. ಅದು ಎಲ್ಲಿಗೂ ಸೇರಿರಲಿಲ್ಲ. ಚಿಕ್ಕ ಮಕ್ಕಳಿಗೆ ಆಟದ ಫೋನು ಕೊಟ್ಟು "ಮಾತಾಡು ಪುಟ್ಟಾ" ಅನ್ನಲ್ವಾ, ಅದೇ ಕೆಲಸ. ಮಾಡೋವಾಗಲೇ ಇದು ತಪ್ಪು ಅಂತ ನನಗೆ ಗೊತ್ತಿತ್ತು. ಆದರೆ ಸಾಕಾಗಿತ್ತು. ಒರೆಸಿ ಒರೆಸಿ ಸಾಕಾಗಿತ್ತು, ಅವರ ಮುಖ ನೋಡಿ ಸಾಕಾಗಿತ್ತು.

ಗುಂಡಿ ಬಿಟ್ಟೆ. ದೀಪ ಹೊತ್ತಿತು. ಟೀ ಎದ್ದು ನಿಂತಿತ್ತು, ನೋಡೋಕೆ ಎರಡು ಕಣ್ಣು ಸಾಲದು. ತಮ್ಮ "ಭಾವ, ನೋಡಿ, ಹೊಡೆದ್ರಲ್ಲ!" ಅಂತ ಕುಣಿದ. ಇನ್ನೊಂದು, ಮತ್ತೊಂದು, ಎಲ್ಲವೂ ಹಾಗೇ. ಇವರು ಕ್ಯಾಮೆರಾ ತರಿಸಿಕೊಂಡು ಅದರ ಪುಟ್ಟ ಪರದೆಯಲ್ಲಿ ಒಂದಾದ ಮೇಲೆ ಒಂದು ನೋಡಿದರು. ಮುಖದಲ್ಲಿ ಖುಷಿ ಕಾಣಲಿಲ್ಲ.

"ಎಲ್ಲ ಒಂದೇ ತರ ಇದೆ" ಅಂದರು.

"ಒಳ್ಳೇದಲ್ವಾ?" ಅಂದೆ.

ಅವರು ಕ್ಯಾಮೆರಾನ ಅದರ ಜಾಗದಲ್ಲಿ ಇಡಿಸಿದರು. ನಾನು ಬಟ್ಟೆ ಹಿಂಡ್ತಾ ದೂರ ನಿಂತಿದ್ದೆ, ಗುಂಡಿ ತಟ್ಟೆಯಲ್ಲಿತ್ತು. ಇವರು ನನ್ನನ್ನೇ ನೋಡ್ತಾ ಸ್ವಿಚ್ಚು ಒತ್ತಿದರು. ಏನೂ ಆಗಲಿಲ್ಲ. ಇನ್ನೊಂದು ಸಲ ಒತ್ತಿದರು. ಆ ಪ್ಲಾಸ್ಟಿಕ್ಕಿನ ಕಟಕ್ ಕಟಕ್ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ತಮ್ಮ ತಲೆ ತಗ್ಗಿಸಿದ. ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು ನನಗೆ.

"ನಿನ್ನ ಪೆಟ್ಟಿಗೆ ಚೆನ್ನಾಗಿದೆ ಕಣಪ್ಪ" ಅಂದರು ತಮ್ಮನಿಗೆ. "ತಗೊಂಡು ಹೋಗು. ಇದರ ವೈರು ಮೊದಲಿದ್ದ ಕಡೆ ಸಿಕ್ಕಿಸಿಬಿಟ್ಟು ಹೋಗು."

"ರೀ, ನಿಮಗೋಸ್ಕರ..."

"ಗೊತ್ತು."

ಅವತ್ತು ಅವರು ಊಟಕ್ಕೆ ಬೇಡ ಅನ್ನಲೂ ಇಲ್ಲ, ಸರಿಯಾಗಿ ತಿನ್ನಲೂ ಇಲ್ಲ. ಬೆಳಿಗ್ಗೆ ಕುರ್ಚಿಯಲ್ಲಿ ಕೂರಿಸಿದ ಮೇಲೆ, "ಪ್ರೆಸ್ಸಿಗೆ ಹೋಗಿ ಆಗಲ್ಲ ಅಂತ ಹೇಳಿ ಬಾ. ಬರೋವಾಗ ನಿನ್ನ ತಮ್ಮನಿಗೂ ಹೇಳು, ಸಾಯಂಕಾಲ ಕ್ಯಾಮೆರಾ ತಗೊಂಡು ಹೋಗ್ಲಿ" ಅಂದರು. ಕಂಪ್ಯೂಟರಿನ ಟೀ ಹಾರಿದರೂ ಟೀನೇ ತಾನೇ ಅಂತ ಒಂದು ನಗುವನ್ನೂ ಬಲವಂತವಾಗಿ ನಕ್ಕರು. ನಾನು ಹೆದರಿದ್ದು ಆ ನಗುವಿಗೆ.

ಹೊರಗೆ ಹೋಗೋಕೆ ಬಟ್ಟೆ ಬದಲಾಯಿಸಿದೆ. ನಾಲ್ಕು ಜನ ಇರೋ ಕಡೆ ಬರಿಗೈಯಲ್ಲಿ ಹೋಗೋಕೆ ಮನಸ್ಸಾಗಲಿಲ್ಲ, ಹೇಳೋ ಸುದ್ದಿಯೇ ಬರಿಗೈದು. ಡಬ್ಬಿಯಿಂದ ಬಳೆ ತೆಗೆದು ಹಾಕಿಕೊಂಡೆ. ಹೋಗೋ ದಾರಿಯಲ್ಲೇ ದರ್ಜಿಗೆ ಸಾಮಾನು ಕೊಟ್ಟುಬಿಡೋಣ ಅಂತ ಮೇಜಿನ ಹತ್ತಿರ ಬಂದೆ. ಕಿಟಕಿಯ ಕಂಬಳಿ ಇನ್ನೂ ತೆಗೆದಿರಲಿಲ್ಲ. ಲೋಟದಲ್ಲಿ ಟೀ ಹಾಗೇ ಇತ್ತು. ಚೆಲ್ಲೋಕೆ ಹಲಗೆ ಎತ್ತಿದೆ.

"ಇರು" ಅಂದರು. "ತುಂಬಿಸಿದ್ದು ಯಾಕೆ ದಂಡ. ಒಂದೇ ಒಂದು ಸಲ ಬಿಡು. ಕೊನೇದು."

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಹಲಗೆ ಇಳಿಸಿ, ಸ್ವಿಚ್ಚು ಅವರ ಕೈಗೆ ಕೊಟ್ಟೆ. ಹೆಗಲಿಗೆ ಚೀಲ ಹಾಗೇ ನೇತಾಡ್ತಿತ್ತು. "ತಗೊಳ್ಳಿ, ಇದೂ ಒಂದು ಆಗಿಹೋಗ್ಲಿ" ಅಂತ ಗುಂಡಿ ಬಿಟ್ಟೆ. ದೀಪ ಹೊತ್ತಿತು.

ನೋಡೋ ಆಸೆ ಇಬ್ಬರಿಗೂ ಇರಲಿಲ್ಲ. ಆದರೂ ಅಭ್ಯಾಸ, ಪರದೆ ತಿರುಗಿಸಿದೆ. ಟೀ ಇತ್ತು. ಗಾಳಿಯಲ್ಲಿತ್ತು! ಮೇಲೆ ಎದ್ದು, ತುದಿ ಒಡೆದು, ಕೆಳಗೆ ಬೀಳೋಕೆ ಹೊರಟಿತ್ತು. ಸ್ವಲ್ಪ ತಡವಾಗಿ ಹಿಡಿದ ಹಾಗೆ.

"ರೀ..." ಅಂದೆ.

"ನೋಡಿದೆ. ಕೈ ಒಂದು ಗೇಣು ಮೇಲೆ ಹಿಡಿ, ಗುಂಡಿ ಬೀಳೋಕೆ ಇನ್ನೊಂಚೂರು ಹೊತ್ತು ಹಿಡೀಲಿ. ಮತ್ತೆ ಬಿಡು" ಅಂದರು.

ಒಂದು ಗೇಣು ಮೇಲೆ ಹಿಡಿದು ಬಿಟ್ಟೆ. ಈ ಸಲ ಟೀ ಎತ್ತರಕ್ಕೆ ಎದ್ದು, ಕತ್ತರಿಯ ಕಡೆಗೆ ಬಾಗಿತ್ತು. ಗುಂಡಿ ಅರ್ಧ ಮುಳುಗಿ ಅರ್ಧ ಕಾಣ್ತಿತ್ತು. ತಮ್ಮನ ಪೆಟ್ಟಿಗೆ ತೆಗೆದ ಯಾವುದರಲ್ಲೂ ಗುಂಡಿ ಕಂಡಿರಲಿಲ್ಲ. ಚೀಲ ಕಿತ್ತೆಸೆದೆ. ಬಳೆಗೆಲ್ಲ ಬಣ್ಣದ ನೀರು ಹಾರಿ ಅಂಟಂಟಾಗಿತ್ತು. ಅವನ್ನ ಮೊಣಕೈ ತನಕ ಬಿಗಿಯಾಗಿ ಏರಿಸಿಕೊಂಡು, ಒರೆಸಿ, ತುಂಬಿಸಿ, "ಇನ್ನೊಂದು" ಅಂತ ಬಿಟ್ಟೆ.

ಮಟ್ಟಸವಾದ ಟೀ. ಅಂಚಿನಲ್ಲಿ ನಾಲ್ಕು ಹನಿ.

ಮತ್ತೆ ಬಿಟ್ಟೆ. ಮತ್ತೆ ಅದೇ. ಇವರು ಮಾತ್ರ ಫೋಟೋ ನೋಡ್ತಿರಲಿಲ್ಲ, ಕತ್ತಲೆಯಲ್ಲಿ ಏನನ್ನೋ ಕೇಳಿಸಿಕೊಳ್ಳೋರ ಹಾಗೆ ಕೂತಿದ್ದರು.

"ಸದ್ದು ಎಲ್ಲಿ ಹೋಯ್ತು?" ಅಂದರು.

"ಯಾವ ಸದ್ದು?"

ಅವರಿಗೂ ಗೊತ್ತಿರಲಿಲ್ಲ. ಹತ್ತಿರ ಬಾ ಅಂತ ಕೈಸನ್ನೆ ಮಾಡಿದರು. ಹೋದೆ. ನನ್ನ ಮುಂಗೈ ಹಿಡಿದುಕೊಂಡರು. ಅಲ್ಲಿ ಏನೂ ಇರಲಿಲ್ಲ. ಬೆರಳು ಮೇಲೆ ಹೋಗಿ, ಮೊಣಕೈ ಹತ್ತಿರ ಬಳೆ ಮುಟ್ಟಿ ನಿಂತಿತು. ಮೆಲ್ಲಗೆ ಕೆಳಗೆ ಎಳೆದರು. ಎರಡು ಬಳೆ ಒಂದಕ್ಕೊಂದು ತಾಗಿ ಠಿಣ್ ಅಂದವು. ಗುಂಡಿ ಬಿಟ್ಟು ಕೈ ಎಳೆದುಕೊಳ್ಳೋವಾಗ ಆಗೋ ಸದ್ದು.

"ಇಷ್ಟು ದಿನ ಇದು ಎಲ್ಲಿತ್ತು?"

"ತೆಗೆದಿಟ್ಟಿದ್ದೆ. ಸ್ನಾನ ಮಾಡಿಸೋವಾಗ ನಿಮಗೆ ತರಚುತ್ತೆ ಅಂತ."

ಅವರು ಬಳೆಗಳನ್ನ ಇನ್ನೊಂದು ಸಲ ಒಂದಕ್ಕೊಂದು ತಾಗಿಸಿ ಕೇಳಿದರು. ನನಗಂತೂ ತಡೆಯೋಕಾಗಲಿಲ್ಲ. "ಬೆರಳಿಗೆ ಗೊತ್ತಾಗುತ್ತೆ, ಬೆರಳಿಗೆ ಗೊತ್ತಾಗುತ್ತೆ ಅಂತ ಊರಿಗೆಲ್ಲ ಸಾರಿದ್ರಲ್ರೀ! ಅವಳು ಹಾಕ್ತಾಳೆ ಅಷ್ಟೆ ಅಂತ! ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ನಾನು ಇಷ್ಟು ದಿನ ನಿಮ್ಮ ಬೆರಳೇ ಸತ್ತುಹೋಯ್ತು ಅಂತ ಅಡುಗೆಮನೆಯಲ್ಲಿ ಕೂತು ಅಳ್ತಿದ್ದೆ."

"ನನಗೇ ಗೊತ್ತಿರಲಿಲ್ಲ ಕಣೇ" ಅಂದರು. "ಬೆರಳು ಅಂತಲೇ ಅಂದ್ಕೊಂಡಿದ್ದೆ."

ಅವರ ಕಣ್ಣಲ್ಲಿ ನೀರಿತ್ತು. ಲಕ್ವ ಹೊಡೆದ ದಿನವೂ ಅಳದೆ ಇದ್ದ ಮನುಷ್ಯ. ಅಳ್ತಾ ಅಳ್ತಾನೇ, "ಒರೆಸಿ ಟೀ ತುಂಬಿಸು, ಕಲೆ ಒಣಗಿಹೋಗುತ್ತೆ" ಅಂದರು. ಇದೇ ನೋಡಿ ನಮ್ಮನೆಯವರು.

ಮಧ್ಯಾಹ್ನದ ತನಕ ಬಿಟ್ಟೆ, ಒರೆಸಿದೆ, ಬಿಟ್ಟೆ. ಎಲ್ಲವೂ ಸಿಗಲಿಲ್ಲ. ಎಷ್ಟೋ ತಪ್ಪಿದವು, ಅವರ ಕೈ ನಿಜಕ್ಕೂ ಸ್ವಲ್ಪ ನಿಧಾನ ಆಗಿದೆ, ಅದೇನು ಸುಳ್ಳಲ್ಲ. ನಾನು ಪ್ರೆಸ್ಸಿಗೆ ಹೋದೆ, ಆಗಲ್ಲ ಅಂತ ಹೇಳೋಕಲ್ಲ. ಯಜಮಾನರು ಫೋಟೋ ನೋಡಿ, "ಪರವಾಗಿಲ್ಲ, ಬೆರಳು ಹಾಗೇ ಇದೆ ಇವರದ್ದು" ಅಂದರು. ನಾನು ಕೈಯನ್ನ ಒಂದು ಸಲ ಕೊಡವಿಕೊಂಡೆ ಅಷ್ಟೆ.

ಸಾಯಂಕಾಲ ಎಂದಿನ ಹಾಗೆ ಸ್ನಾನಕ್ಕೆ ಕೂರಿಸಿದೆ. ನನಗೆ ನಿಲ್ಲೋಕೂ ಶಕ್ತಿ ಇರಲಿಲ್ಲ, ಸೊಂಟ ಬೆಂಕಿ ಬೆಂಕಿ. ಸೋಪು ತಗೊಂಡು ಬಳೆ ತೆಗೆಯೋಕೆ ಹೋದೆ. ಅವರು ಬಲಗೈ ಚಾಚಿ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಇರಲಿ ಬಿಡು."

"ತರಚುತ್ತೆ ರೀ."

"ತರಚಲಿ."

ನೀರು ಹಾಕಿದೆ, ಬೆನ್ನು ಉಜ್ಜಿದೆ. ಎಷ್ಟು ಹುಷಾರಾಗಿದ್ದರೂ ಬಲಭುಜದ ಮೇಲೆ ಒಂದು ಕೆಂಪು ಗೆರೆ ಎದ್ದಿತು. ಆ ಕಡೆ ಅವರಿಗೆ ನೋವು ಚೆನ್ನಾಗಿ ಗೊತ್ತಾಗುತ್ತೆ. ಬಾಯಿ ಬಿಡದೆ, ಕಣ್ಣು ಮುಚ್ಚಿಕೊಂಡು ಕೂತಿದ್ದರು. ನನ್ನ ಕೈ ಆಡಿದಾಗಲೆಲ್ಲ ಅವರ ತೋರುಬೆರಳು ಮಂಡಿಯ ಮೇಲೆ ಮೆಲ್ಲಗೆ ಒತ್ತುತ್ತಿತ್ತು.